ಲೋಸಲೀನೆಯ ಬಿಳಿಸೆರಗು

ಮುಂಡುಗದ ಚಾಪೆ ಹೆಣೆಯುವವರು ಆ ಚಾಪೆಯ ಮೇಲೆಯೇ ಕೂರಬೇಕು. ಹೆಣೆದಷ್ಟನ್ನು ಅಡಿಗೆ ಹಾಕಿಕೊಂಡು, ಕಾಲುಗಳನ್ನು ಒಂದು ಪಕ್ಕಕ್ಕೆ ಮಡಚಿ, ಓಲೆ ಮುಂದೆ ಹೋದ ಹಾಗೆ ತಾವೂ ಮುಂದೆ ಸರಿಯಬೇಕು. ದೂರದ ಕಡಲಿನ ಹಾಪಾಯಿ ದ್ವೀಪಗಳ ಪೈಕಿ ಒಂದು ಪುಟ್ಟ ದ್ವೀಪದ ಹೆಂಗಸರು ಪಾದ್ರಿಯ ಮಗಳ ಮದುವೆಗೆಂದು ಬಿಳಿ ಓಲೆಯ ಚಾಪೆಯೊಂದನ್ನು ಹಿಡಿದಿದ್ದರು. ಬೆಳಿಗ್ಗೆಯಿಂದ ಕೂತಿದ್ದ ಲೋಸಲೀನೆ ಚಹಾಕ್ಕೆಂದು ಎದ್ದಳು. ಅವಳು ಕೂತಿದ್ದ ಜಾಗದಲ್ಲಿ ಅಂಗೈಯಗಲದ ಒದ್ದೆ ಕಲೆ ಉಳಿದಿತ್ತು. ಹಳದಿಯೂ ಅಲ್ಲ, ಹಸಿರೂ ಅಲ್ಲ. ಅಂಚಿಗೆ ತುಸು ಕೆಂಪು.

ಅವಳು ಕೂರಲೂ ಆಗದೆ ನಿಲ್ಲಲೂ ಆಗದೆ ಅರ್ಧಕ್ಕೆ ಬಗ್ಗಿ ನಿಂತಳು. ಅಷ್ಟರಲ್ಲಿ ಪಕ್ಕದ ತೋಕಾಸೆಯ ಕೈಯಲ್ಲಿದ್ದ ಚಹಾದ ಮಗ್ಗು ಸರಿಯಾಗಿ ಆ ಕಲೆಯ ಮೇಲೇ ಬೋರಲಾಯಿತು.

"ಕಣ್ಣು ಕಾಣಲ್ವೇನೆ ಮುದುಕಿ ನಿಂಗೆ? ಪಾದ್ರಿ ಮನೆ ಚಾಪೆ ಕಣೇ ಅದು," ಎಂದು ಹೆಣೆಯುವ ಗುಂಪಿನ ಹಿರಿಯಳು ಗದರಿದಳು.

"ಕಣ್ಣು ಚೆನ್ನಾಗೇ ಕಾಣುತ್ತಮ್ಮ. ಕೈಯೇ ಮಾತು ಕೇಳಲ್ಲ," ಎಂದಳು ತೋಕಾಸೆ, ಗಸಗಸ ಒರೆಸುತ್ತ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಗೆಳತಿಯ ತೋಳು ಹಿಡಿದು ನಿಲ್ಲಿಸಿದಳು. "ಎಷ್ಟು ದಿನದಿಂದ?"

"ಯಾವುದು?"

"ನಾನು ಚೆಲ್ಲಿದ್ದು ಚಹಾ. ನೀನು ಚೆಲ್ಲಿದ್ದು ಯಾವುದೋ, ಅದು."

"ಗೆಣಸು ಕಿತ್ತಾಗಿಂದ. ಬಿಳಿ ಹೋಗೋದು ಯಾರಿಗಿಲ್ಲ ಹೇಳು. ನಂಗೆ ಒಂಚೂರು ಜಾಸ್ತಿ."

"ಅದು ಬಿಳೀನಾ? ನನ್ನ ಮದುವೆ ಲಂಗ ಬಿಳಿ. ಸಾಲದ್ದಕ್ಕೆ ವಾಸನೆ ಬೇರೆ."

"ಬಾಯಿ ಮುಚ್ಚೇ."

"ಬಾಯಿ ಮುಚ್ಚಬಹುದು. ಮೂಗು?"

ನಮ್ಮಲ್ಲಿ ಇದನ್ನು ಬಿಳಿಸೆರಗು ಎನ್ನುತ್ತಾರೆ. ಸೀರೆಯನ್ನೇ ಕಾಣದ ಆ ದ್ವೀಪದಲ್ಲೂ ಹೆಂಗಸರಿಗೆ ಆ ಸೆರಗು ತಪ್ಪಿದ್ದಲ್ಲ, ಮತ್ತು ಅಲ್ಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಓಡಾಡುವುದೇ ರೂಢಿ. ಲೋಸಲೀನೆ ಸುಮ್ಮನೇನೂ ಇರಲಿಲ್ಲ. ಎಲೆಮದ್ದಿನ ಮುದುಕಿ ಅರೆದುಕೊಟ್ಟ ಎಲೆಗಳ ರಸ ಕುಡಿದಳು. ನೆಲ ಒರೆಸುವ ಔಷಧವನ್ನು ಬಿಸಿನೀರಿಗೆ ಬೆರೆಸಿ, ಯಾವ ಹೆಂಗಸೂ ಒಳಗಿನಿಂದ ತೊಳೆಯಬಾರದ ಜಾಗವನ್ನು ದಿನಾ ತೊಳೆದಳು. ಉರಿ ಹೆಚ್ಚಿತು. ಉರಿ ಹೆಚ್ಚಾದರೆ ಔಷಧಿ ಹಿಡಿಯುತ್ತಿದೆ ಎಂದೇ ಲೆಕ್ಕ ಹಾಕಿ ಇನ್ನೊಂದು ಮುಚ್ಚಳ ಸೇರಿಸಿದಳು. ಭಾನುವಾರದ ಬಿಳಿ ಅಂಗಿಗೆ ಹೆದರಿ, ಗಂಡ ಸತ್ತಾಗ ಸೊಂಟಕ್ಕೆ ಸುತ್ತಿದ್ದ ದಪ್ಪ ಶೋಕದ ಚಾಪೆಯನ್ನು ಮತ್ತೆ ಸುತ್ತಿಕೊಂಡಳು. ಗಂಡ ಹೋಗಿ ಮೂರು ವರ್ಷ ಕಳೆದಿತ್ತು. ಊರಿನವರು, ಇಂಥ ಹೆಂಡತಿ ಪಡೆಯಲು ಪುಣ್ಯ ಬೇಕು ಎಂದರು. ಬದುಕಿದ್ದಾಗ ಆ ಪುಣ್ಯಾತ್ಮನಿಗೆ ಅದು ತಿಳಿದಿರಲಿಲ್ಲ.

"ಆಸ್ಪತ್ರೆಗೆ ಹೋಗು," ಎಂದಳು ತೋಕಾಸೆ.

"ಅಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಅಲ್ಲಿ ಇದ್ದವನು ಫೆಲೇತಿ.

ಫೆಲೇತಿ ಲೋಸಲೀನೆಯ ಚಿಕ್ಕಮ್ಮನ ಮಗ, ಅಂದರೆ ತಮ್ಮ. ಅವನ ತಾಯಿ ಹವಳದ ದಿಬ್ಬದ ಮೇಲೆ ಚಿಪ್ಪು ಆರಿಸಲು ಹೋದಾಗಲೆಲ್ಲ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಲೋಸಲೀನೆ. ಅವನು ರಾಜಧಾನಿಗೆ ವೈದ್ಯ ಕಲಿಯಲು ಹೋದಾಗ ಇವಳು ಹೆಣೆದ ಚಾಪೆಗಳು ಒಂದರ ಹಿಂದೊಂದು ದೋಣಿ ಹತ್ತಿದವು. ಅಕ್ಕ ಕೂತು ಹೆಣೆದಳು, ತಮ್ಮ ಕೂತು ಓದಿದ. ಬಂದವನೇ ಊರಿನ ಎರಡು ಕೋಣೆಯ ಆಸ್ಪತ್ರೆಗೆ ಒಡೆಯನಾದ. ಭಾನುವಾರದ ನೆಲದೊಲೆಯಿಂದ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಮೊದಲ ಪೊಟ್ಟಣ ಅಕ್ಕನ ಮನೆಗೇ ಹೋಗಬೇಕು. ಮೀನು ಸಿಕ್ಕರೆ ದೊಡ್ಡದು ಅಕ್ಕನಿಗೇ. ಒಂದು ವಾರವೂ ತಪ್ಪಿಸಿದವನಲ್ಲ.

ಆದರೆ ಅಲ್ಲಿನ ರೂಢಿಯಲ್ಲಿ ಮೀಸೆ ಮೊಳೆತ ಮೇಲೆ ಅಕ್ಕ-ತಮ್ಮ ಒಂದು ಸೂರಿನಡಿ ಮಲಗುವಂತಿಲ್ಲ, ಒಟ್ಟಿಗೆ ಕೂತು ಸಿನಿಮಾ ನೋಡುವಂತಿಲ್ಲ. ಅಕ್ಕನೆದುರು ಹೊಟ್ಟೆನೋವು ಎನ್ನಬೇಕಾದರೆ ಹೊಟ್ಟೆ ಎಂಬ ಮಾತೇ ಸ್ವಲ್ಪ ಹೆಚ್ಚಾಯಿತು. ಮರ್ಯಾದೆ ಎಂದರೆ ಏನೇನು ಮರೆಯಾಗಿದೆಯೋ ಅಷ್ಟು. ಹೀಗೆ ಊರಿಗೆಲ್ಲ ವೈದ್ಯನಾದವನು ಅಕ್ಕನ ಪಾಲಿಗೆ ಮೀನು ಕೊಡುವವನಾಗಿಯೇ ಉಳಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನವರಿಂದ ಅಪ್ಪಣೆ ಬಂತು: ಪ್ರತಿ ಊರಿನಲ್ಲೂ ಹೆಂಗಸರನ್ನು ಕೂಡಿಸಿ ಅವರ ಒಳಗಿನ ಆರೋಗ್ಯದ ಬಗ್ಗೆ ತಿಳಿಹೇಳಬೇಕು. ಫೆಲೇತಿ ಒಗೆದ ಬಟ್ಟೆ ಉಟ್ಟು, ಸಭೆಯ ಮರ್ಯಾದೆಗೆ ಸೊಂಟಕ್ಕೆ ಚಾಪೆ ಸುತ್ತಿ, ಚರ್ಚಿನ ಸಭಾಂಗಣದಲ್ಲಿ ಎದ್ದು ನಿಂತ. ಹೆಂಗಸರು ಕಿಕ್ಕಿರಿದಿದ್ದರು. ಲೋಸಲೀನೆ ಹಿಂದಿನ ಬಾಗಿಲ ಬಳಿ ಕೂತಿದ್ದಳು. ನೂರು ಜನರಿಗೆ ಹೇಳುವ ಮಾತು ಒಬ್ಬಳಿಗೆ ಹೇಳಿದಂತಾಗುವುದಿಲ್ಲ ಎಂಬ ಆಸೆ ಅವಳದು. ಅವನದೂ ಅದೇ ಇದ್ದೀತು.

"ಇವತ್ತು ನಾವು ಮಾತಾಡೋದು," ಎಂದು ಗಂಟಲು ಸರಿಮಾಡಿಕೊಂಡ ಫೆಲೇತಿ, "ಹೆಂಗಸರ ಕೆಳಗಿನ..."

ಮೊದಲ ಸಾಲು ತಲೆ ತಗ್ಗಿಸಿ ಎದ್ದು ನಡೆಯಿತು. ಅದರ ಹಿಂದೆ ಎರಡನೆಯದು. ಆ ಊರಲ್ಲೇ ಹುಟ್ಟಿದವನು ಅವನು. ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳಿರಲಿ, ಅಲ್ಲಿ ಸೋದರಮಾವನ ಮಕ್ಕಳೂ ಒಡಹುಟ್ಟಿದವರೇ. ಊರಿನ ಹೆಂಗಸರೆಲ್ಲ ಅವನಿಗೆ ಅಕ್ಕ, ಇಲ್ಲವೇ ತಂಗಿ. ಯಾರೂ ಗೊಣಗಲಿಲ್ಲ, ನಗಲಿಲ್ಲ. ಕೊನೆಗೆ ಉಳಿದವರು ಅವನ ಹೆಂಡತಿ, ಪಾದ್ರಿಯ ಹೆಂಡತಿ ಮತ್ತು ಕಿವಿ ಕೇಳದ ಒಬ್ಬ ಮುದುಕಿ. ಫೆಲೇತಿ ಆ ಮೂವರಿಗೆ ಪೂರ್ತಿ ಭಾಷಣ ಮಾಡಿದ. ಮುದುಕಿ ಆಮೆನ್ ಎಂದಳು.

ಹೆಂಡತಿ ಮಾಟಲೇನಾ ಬೇರೆ ದ್ವೀಪದಿಂದ ಬಂದವಳು, ಯಾರಿಗೂ ಅಕ್ಕತಂಗಿಯಲ್ಲ. ಮುಂದಿನ ವಾರ ಅವಳೇ ಗಂಡನಿಂದ ಪಾಠ ಕಲಿತು ಹೆಣೆಯುವ ಮನೆಗೆ ಬಂದಳು.

"ತೆಳ್ಳಗೆ, ಮೊಟ್ಟೆ ಲೋಳೆ ಹಂಗೆ, ಬೆಳ್ಳಗೆ ಹೋದರೆ ಹೆದರಬೇಡಿ. ಮೈ ತನ್ನನ್ನ ತಾನೇ ತೊಳ್ಕೊಳ್ಳುತ್ತೆ. ನೀವು ಒಳಗೆ ಏನೂ ಹಾಕಿ ತೊಳೀಬೇಡಿ, ಹೊರಗೆ ಬರೀ ನೀರು ಸಾಕು. ಮೊಸರು ಒಡೆದ ಹಂಗೆ ಹೋಗಿ ನವೆ ಇದ್ದರೆ ಔಷಧಿ ಇದೆ. ಮೀನು ವಾಸನೆ ಬಂದರೂ ಇದೆ."

"ಯಾವ ಮೀನು?" ಎಂದಳು ತೋಕಾಸೆ.

ಚಾಪೆಯೆಲ್ಲ ಅಲುಗಾಡುವಷ್ಟು ನಗೆ.

"ನಿಮ್ಮ ಮನೇಲಿ ಯಾವುದು ಬೇಯುತ್ತೋ ಅದು, ಅಮ್ಮ. ಹಸಿರು ನೊರೆ ಬಂದರೆ ಗಂಡಂಗೂ ಮಾತ್ರೆ ಕೊಡಬೇಕು."

"ನನ್ನ ಗಂಡ ಸ್ಮಶಾನದಲ್ಲಿದ್ದಾನೆ. ಅಲ್ಲಿಗೆ ತಂದುಕೊಡ್ತೀಯಾ?" ಎಂದಳು ತೋಕಾಸೆ ಮತ್ತೆ.

ನಗೆ ಇಳಿಯುವುದನ್ನು ಮಾಟಲೇನಾ ಕಾದಳು. "ಮುಟ್ಟು ನಿಂತ ಮೇಲೆ ಕೆಂಪು ಕಂಡರೆ, ಮಾಂಸ ತೊಳೆದ ನೀರಿನ ಹಂಗೆ ಹೋದರೆ, ಒಂದು ದಿನವೂ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಹೋಗಿ."

ಎಲ್ಲರೂ ಎದ್ದ ಮೇಲೆ ಲೋಸಲೀನೆ ಓಲೆಗಳನ್ನು ಸುತ್ತಿಡುವ ನೆಪದಲ್ಲಿ ಉಳಿದಳು.

"ನನಗೆ ಗೊತ್ತಿರೋ ಒಬ್ಬಳಿಗೆ," ಎಂದಳು, ಓಲೆಗೆ ಹೇಳುವ ಹಾಗೆ, "ಆ ಕೊನೇದು."

ಗಂಡನ ಅಕ್ಕನನ್ನು ಪ್ರಶ್ನೆ ಕೇಳುವ ಹಕ್ಕು ಮಾಟಲೇನಾಗೂ ಇರಲಿಲ್ಲ. "ಅವರಿಗೆ ಯಾವಾಗಿಂದ, ಅತ್ತಿಗೆ?"

"ಗೆಣಸು ಕಿತ್ತಾಗಿಂದ."

ಹೊಸ ಗೆಣಸು ನೆಟ್ಟು ಬಳ್ಳಿ ಹಬ್ಬಿಯಾಗಿತ್ತು. ಮಾಟಲೇನಾ ಕಣ್ಣು ಕೆಳಗೆ ಹಾಕಿದಳು. "ಅವರಿಗೆ ಹೇಳಿ, ಅತ್ತಿಗೆ, ಬರೋ ದೋಣಿಗೇ ಹೋಗಬೇಕಂತೆ ಅಂತ."

ದೋಣಿಯಲ್ಲಿ ತೋಕಾಸೆ ಜೊತೆಗೆ ಹೋದಳು. ಬಿಸಿಲು ಬೀಳದ ಕಡೆ ಇಬ್ಬರಿಗೂ ಯಾರೋ ಜಾಗ ಹಿಡಿದಿಟ್ಟಿದ್ದರು, ಒರಗಲು ದಿಂಬೂ ಇತ್ತು. ಯಾರು ಇಟ್ಟರೆಂದು ದೋಣಿಯವನು ಹೇಳಲಿಲ್ಲ. ಫೆಲೇತಿ ದಡದಲ್ಲಿ ಬೆನ್ನು ತಿರುಗಿಸಿ, ತೆಂಗಿನ ಮರವನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತ ನಿಂತಿದ್ದ.

ರಾಜಧಾನಿಯಲ್ಲಿ ನೋಡಿದ ಡಾಕ್ಟರು ಹೆಂಗಸು, ಪುಣ್ಯಕ್ಕೆ ಯಾರ ತಂಗಿಯೂ ಅಲ್ಲ. ಪರೀಕ್ಷೆಗೆ ಮಲಗಿಸಿದಾಗ ಲೋಸಲೀನೆ ಮುಖದ ಮೇಲೆ ಬೀಸಣಿಗೆ ಮುಚ್ಚಿಕೊಂಡಳು. ಡಾಕ್ಟರು ಕೈ ತೊಳೆದು ಬಹಳ ಹೊತ್ತು ಒರೆಸಿಕೊಂಡರು. ಗರ್ಭಕೋಶದ ಬಾಯಲ್ಲಿ ಗಡ್ಡೆ, ಕತ್ತರಿಸುವ ಹಂತ ದಾಟಿ ಸುತ್ತ ಹಬ್ಬಿದೆ ಎಂದರು. ಗಡ್ಡೆಯನ್ನು ಕಿರಣ ಬಿಟ್ಟು ಸುಡುವ ಯಂತ್ರ ಕಡಲಾಚೆ ಇದೆ, ಅದಕ್ಕೂ ಈಗ ಹೊತ್ತು ಮೀರಿದೆ. ಮೊದಲೇ ಬಂದಿದ್ದರೆ ಎಂದು ಶುರುಮಾಡಿ, ಗೆಳತಿಯರಿಬ್ಬರ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದರು.

"ನೋವಿಗೆ ಔಷಧಿ ನಿಮ್ಮೂರಿಗೇ ಕಳಿಸ್ತೀವಿ. ಅಲ್ಲಿ ಒಳ್ಳೇ ಹೆಲ್ತ್ ಆಫೀಸರಿದ್ದಾರಲ್ಲ."

"ಇದ್ದಾನೆ," ಎಂದಳು ಲೋಸಲೀನೆ. "ತುಂಬ ಒಳ್ಳೆಯವನು."

ಔಷಧಿ ಬಂತು. ಫೆಲೇತಿ ಅಳೆದು ಕೊಡುವನು, ಮಾಟಲೇನಾ ತಂದು ಕುಡಿಸುವಳು. ಭಾನುವಾರದ ಮೊದಲ ಪೊಟ್ಟಣವೂ ಬರುತ್ತಿತ್ತು. ಅದನ್ನು ಈಗ ತೋಕಾಸೆ ತಿನ್ನುತ್ತಿದ್ದಳು. ಲೋಸಲೀನೆಯ ದೊಡ್ಡ ಕೈಗಳು ಹಾಸಿಗೆಯ ಮೇಲೆ ಓಲೆಯಿಲ್ಲದೆ ಹೆಣೆಯುತ್ತಿದ್ದವು. ಮನೆ ತುಂಬ ಹೂವು ತಂದಿಟ್ಟರೂ ವಾಸನೆ ಹೂವನ್ನೇ ಸೋಲಿಸುತ್ತಿತ್ತು. ಬಂದ ಹೆಂಗಸರು ಹಾಡು ಹೇಳಿ, ಅತ್ತು, ಬಾಗಿಲ ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಮಾಟಲೇನಾ ಅವಳ ಮೈ ಒರೆಸಿ ಹೊದಿಸಿದ್ದಳಷ್ಟೇ. ಹಲಗೆಯ ಗೋಡೆಯ ಆಚೆ ಯಾರೋ ಬಂದು ನಿಂತರು. ಸಂದಿಯಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಮನೆ ಕಟ್ಟಿದಾಗಿನಿಂದ ಆ ಗೋಡೆಯ ಅಷ್ಟು ಹತ್ತಿರಕ್ಕೆ ಫೆಲೇತಿ ಬಂದವನಲ್ಲ.

"ಅಕ್ಕಾ."

ಒಳಗೆ ಪೊಟ್ಟಣ ಬಿಚ್ಚಿ ಕೂತಿದ್ದ ತೋಕಾಸೆ ಜಗಿಯುತ್ತಿದ್ದುದನ್ನು ನಿಲ್ಲಿಸಿದಳು.

"ನಂಗೆ ಗೊತ್ತಾಗ್ತಿತ್ತು, ಅಕ್ಕ. ನೀನು ನಡಿಯೋದು ನೋಡಿದರೇ ಗೊತ್ತಾಗ್ತಿತ್ತು. ಶೋಕದ ಚಾಪೆ ಮತ್ತೆ ಸುತ್ತಿಕೊಂಡಾಗಲೇ ಗೊತ್ತಾಯ್ತು." ಕಡಲಿನ ಕಡೆಗೆ ಮುಖ ಮಾಡಿ ಅವನು ಮಾತಾಡುತ್ತಿದ್ದ, ಗಾಳಿಗೆ ಅರ್ಧ ಮಾತು ಹೋಗುತ್ತಿತ್ತು. "ನಾನು ಬಾಯಿಬಿಟ್ಟು ಕೇಳಲಿಲ್ಲ. ದಿನಾ ಅದೇ ಯೋಚನೆ. ಮರ್ಯಾದೆ ಬಿಟ್ಟು ಒಂದೇ ಒಂದು ಸಲ ಕೇಳಿದ್ದರೆ, ನೀನು ಹೇಳ್ತಿದ್ದೆ ಅಲ್ವಾ?"

ಪಾಪ, ಅವನು ಕೇಳಿದ್ದಕ್ಕೆ ಲೋಸಲೀನೆ ನಿಜವಾಗಿಯೇ ಯೋಚನೆ ಮಾಡಿದಳು.

"ಇಲ್ಲಪ್ಪ," ಎಂದಳು. "ಮಂಡಿನೋವು ಅಂತಿದ್ದೆ. ನೀನು ಎಣ್ಣೆ ಕೊಡ್ತಿದ್ದೆ."