ಅಳತೆ ಕೂಗುವ ಟೇಪಕ್ಕ

ಅಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಟೇಪಕ್ಕ ಬೇಕರಿ ಯಜಮಾನರ ಸೊಂಟಕ್ಕೆ ಟೇಪು ಸುತ್ತಿ, ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಅವರಿಗೇ ತೋರಿಸುತ್ತಿದ್ದರು. ಯಜಮಾನರು ಬಗ್ಗಿ ನೋಡಿದರು. ಹೊಲಿಗೆ ಅಂಗಡಿಯಲ್ಲಿ ಕಾಯುತ್ತಿದ್ದವರ ಕಡೆಗೂ ನೋಡಿದರು. ಆಮೇಲೆ ಹೊಟ್ಟೆ ಒಳಗೆಳೆದುಕೊಂಡು, "ಸೊಂಟ ಮೂವತ್ತೆಂಟು!" ಎಂದು ಕೂಗಿದರು.

ಟೇಪಿನ ಮೇಲಿದ್ದದ್ದು ನಲವತ್ತೆರಡು.

ಟೇಪಕ್ಕ ತಿದ್ದಲು ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಹೊಲಿಗೆ ಮಿಷನ್ನುಗಳ ಸದ್ದಿನಲ್ಲಿ ಆ ಗಾಳಿ ಯಾರ ಕಿವಿಗೂ ಬೀಳಲಿಲ್ಲ. ಉದ್ದನೆಯ ಮೇಜು ಬಳಸಿಕೊಂಡು ಅವರು ಆ ತುದಿಯಲ್ಲಿ ಬಟ್ಟೆ ಕತ್ತರಿಸುವ ತಮ್ಮ ಅಣ್ಣನ ಬಳಿ ಹೋಗುವಷ್ಟರಲ್ಲಿ ಅಣ್ಣ ಗೆರೆ ಎಳೆದು ಕತ್ತರಿ ಆಡಿಸಿಯಾಗಿತ್ತು. ಆ ಅಂಗಡಿಯಲ್ಲಿ ಸೊಂಟವೇ ಕೊನೆಯ ಅಳತೆ. ಅದು ಕಿವಿಗೆ ಬಿದ್ದರೆ ಬಟ್ಟೆ ಕತ್ತರಿಗೆ ಸಿಕ್ಕಿತೆಂದೇ ಅರ್ಥ.

ಅಪ್ಪನ ಕಾಲದಿಂದಲೂ ಅಲ್ಲಿ ಅಳತೆ ಬರೆದಿಡುವ ಪದ್ಧತಿ ಇಲ್ಲ. ಈ ತುದಿಯಲ್ಲಿ ತಂಗಿ ಅಳೆದು ಕೂಗಬೇಕು, ಆ ತುದಿಯಲ್ಲಿ ಅಣ್ಣ ತಲೆ ಎತ್ತದೆ ಅದನ್ನು ಸೀಮೆಸುಣ್ಣದ ಗೆರೆಯಾಗಿಸಬೇಕು. "ಎದೆ ಮೂವತ್ತಾರು! ತೋಳು ಇಪ್ಪತ್ತಮೂರು!" ಎಂಬ ಟೇಪಕ್ಕನ ದನಿ ಎದುರಿನ ಕ್ಷೌರದಂಗಡಿಗೂ ಕೇಳಿಸುತ್ತಿತ್ತು. ಅವರ ಕುತ್ತಿಗೆಯಿಂದ ಟೇಪು ಇಳಿದದ್ದನ್ನು ಕಂಡವರಿಲ್ಲ. ಹೆಸರು ಹಾಗೆ ಬಂತು.

ಬೇಕರಿ ಯಜಮಾನರ ಪ್ಯಾಂಟಿಗೂ ಮೂರು ವರ್ಷ ಮೊದಲೇ ಆ ದನಿ ಒಡೆಯತೊಡಗಿತ್ತು. ಮೊದಲು ಶೀತವೆಂದುಕೊಂಡರು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ಗಂಟಲಿನ ಡಾಕ್ಟರಮ್ಮನ ಬಳಿ ಹೋದರು. ಮೂಗಿನೊಳಗಿಂದ ಇಳಿಸಿದ ಸಣ್ಣ ಕ್ಯಾಮೆರಾದಲ್ಲಿ ಧ್ವನಿತಂತುಗಳ ಮೇಲೆ ಪುಟ್ಟ ದ್ರಾಕ್ಷಿಗೊಂಚಲಿನಂಥ ಗಂಟುಗಳು ಕಂಡವು. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸಿನ ಕೆಲಸ. ಆಪರೇಷನ್ ಮಾಡಿ ತೆಗೆದರು. ಬೆಳೆಯಿತು. ಮತ್ತೆ ತೆಗೆದರು, ಮತ್ತೆ ಬೆಳೆಯಿತು.

"ಎಷ್ಟೋ ಜನರಿಗೆ ಈ ವೈರಸ್ಸು ಬಂದು ತಾನಾಗೇ ಹೋಗುತ್ತೆ," ಎಂದರು ಡಾಕ್ಟರಮ್ಮ. "ನಿಮ್ಮಲ್ಲಿ ಬೇರೂರಿದೆ. ಮೇಲ್ಪದರದ ಜೀವಕೋಶದೊಳಗೇ ಕೂತಿರುತ್ತೆ. ರಕ್ತಕ್ಕೆ ಇಳಿಯಲ್ಲ, ಗಲಾಟೆ ಮಾಡಲ್ಲ. ಆದ್ರೂ ಮೈಯ ಕಾವಲು ಕೋಶಗಳು ಅಲ್ಲಿಗೆ ಬರ್ತವೆ. ಹೊಡೆಯೋ ಕೋಶಗಳ ಜೊತೆಗೆ ಅವನ್ನ ಸುಮ್ಮನಿರಿಸೋ ಕೋಶಗಳೂ ಬಂದು ತುಂಬ್ಕೊಳ್ತವೆ."

"ನಮ್ಮ ನೆಂಟರ ಥರ," ಎಂದು ಟೇಪಕ್ಕ ಪಿಸುಗುಟ್ಟಿದರು. "ನ್ಯಾಯ ಕೇಳೋಕೆ ಅಂತ ಬಂದು, ಹೋಗ್ಲಿ ಬಿಡಿ ಅಂತ ಉಂಡು ಹೋಗ್ತಾರೆ."

ಡಾಕ್ಟರಮ್ಮ ನಕ್ಕರು. ಆದರೆ ಮುಂದಿನ ಮಾತು ನಗುವಂಥದ್ದಲ್ಲ. ಪ್ರತಿ ಆಪರೇಷನ್ನೂ ಧ್ವನಿತಂತುವಿನ ಮೇಲೆ ಗಾಯದ ಕಲೆ ಬಿಡುತ್ತದೆ. ಹೀಗೇ ಮುಂದುವರಿದರೆ ದನಿ ಶಾಶ್ವತವಾಗಿ ಹೋಗಬಹುದು. ಪ್ರಯೋಗದ ಹಂತದಲ್ಲಿ ಒಂದು ಚುಚ್ಚುಮದ್ದಿತ್ತು. ಗಂಟು ತೆಗೆದ ಮೇಲೆ ಅದನ್ನು ಕೊಟ್ಟರೆ, ಹೊಡೆಯುವ ಕೋಶಗಳು ವೈರಸ್ಸಿನ ಪ್ರೋಟೀನನ್ನು ಗುರುತಿಸಲು ಕಲಿಯುತ್ತವೆ. ಸುಮಾರು ಅರ್ಧದಷ್ಟು ಜನರಿಗೆ ಗುಣ ಸಿಕ್ಕಿದೆ, ಉಳಿದವರಿಗೆ ಇಲ್ಲ.

"ಅಂದ್ರೆ ಆ ಕೋಶಗಳಿಗೆ ಸರಿಯಾದ ಅಳತೆ ಕೊಟ್ಟು ಕಳಿಸ್ತೀರಿ ಅನ್ನಿ."

"ಹಾಗೇ ಅನ್ಕೊಳ್ಳಿ. ಮೂರು ತಿಂಗಳು ಬಂದು ಹೋಗ್ಬೇಕು. ಗಂಟಲಿಗೆ ಪೂರ್ತಿ ವಿಶ್ರಾಂತಿ."

ಟೇಪಕ್ಕ ಒಪ್ಪಲಿಲ್ಲ. ಸೂಜಿಯ ಭಯವಲ್ಲ. ಅತ್ತಿಗೆ ಆಗಲೇ ಅಳತೆ ಬರೆಯಲೆಂದು ಹಳೆಯ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿಟ್ಟಿದ್ದರು. ಮೂರು ತಿಂಗಳು ಅಂಗಡಿ ಚೀಟಿಯ ಮೇಲೆ ನಡೆದುಬಿಟ್ಟರೆ? "ಚೀಟೀಲೇ ಆಗೋದಾದ್ರೆ ನಾನ್ಯಾಕೆ?" ಎಂದರು. ಅದಕ್ಕೇ ಗಿರಾಕಿಗಳಿಂದ ಅವರವರ ಅಳತೆಯನ್ನು ಕೂಗಿಸುವ ಉಪಾಯ ಹೂಡಿದ್ದು. ಸೊಂಟದ ವಿಷಯದಲ್ಲಿ ಜನ ನಿಜ ಹೇಳುವುದಿಲ್ಲ ಎಂಬುದೊಂದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ವಾರದ ನಂತರ ಬೇಕರಿ ಯಜಮಾನರು ಪ್ಯಾಂಟು ಹಾಕಿ ನೋಡಿದರು. ಗುಂಡಿಯೂ ಕಾಜವೂ ಮಾತು ಬಿಟ್ಟ ದಾಯಾದಿಗಳಂತೆ ದೂರ ನಿಂತವು.

"ನಿಮ್ಮ ತಂಗಿ ಅಳತೆ ತಪ್ಪು ತಗೊಂಡಿದಾರೆ," ಎಂದರು.

ಅಣ್ಣ ಅಪರೂಪಕ್ಕೆ ತಲೆ ಎತ್ತಿದರು. "ನನ್ನ ತಂಗಿ ಟೇಪು ಇವತ್ತಿನವರೆಗೂ ತಪ್ಪಿಲ್ಲ. ತಪ್ಪಿದ್ದು ನೀವು ಕೂಗಿದ್ದು."

"ಯಜಮಾನ್ರೇ, ಬೇಕರೀಲೂ ತೂಕ ಹೀಗೇನಾ?" ಎಂದರು ಬೆಂಚಿನ ಮೇಲಿದ್ದ ಕ್ಷೌರಿಕರು.

ಎಲ್ಲರೂ ನಕ್ಕರು. ಟೇಪಕ್ಕ ನಗಲಿಲ್ಲ. ತನ್ನ ಟೇಪಿನ ಪರವಾಗಿ ಬೇರೊಬ್ಬರು ಮಾತಾಡಬೇಕಾಗಿ ಬಂದದ್ದು ಅದೇ ಮೊದಲು. ಸಂಜೆ ಅಣ್ಣ ಅತ್ತಿಗೆಯ ಆ ಚೀಟಿಗಳನ್ನೆಲ್ಲ ಬಾಚಿ ಚಿಂದಿಬುಟ್ಟಿಗೆ ಸುರಿದರು.

"ಹೋಗಿ ಮದ್ದು ತಗೊಂಡು ಬಾ. ನೀನು ಬರೋವರೆಗೂ ಇಲ್ಲಿ ಹೊಸ ಅಳತೆ ತಗೊಳ್ಳಲ್ಲ."

"ಗಿರಾಕಿಗಳು?"

"ಕಾಯೋರು ಕಾಯ್ತಾರೆ."

ಹಾಗೆಯೇ ನಡೆಯಿತು. ಗಂಟು ತೆಗೆಸಿಕೊಂಡು ಟೇಪಕ್ಕ ಚುಚ್ಚುಮದ್ದು ಹಾಕಿಸಿಕೊಂಡರು. ಪ್ರತಿ ಸಲವೂ ತೋಳು ಊದಿ ಜ್ವರ ಬರುತ್ತಿತ್ತು. "ಒಳಗೆ ನೆಂಟರು ಕೊನೆಗೂ ಜಗಳಕ್ಕೆ ಇಳಿದ್ರು," ಎಂದು ಅತ್ತಿಗೆಗೆ ಸನ್ನೆಯಲ್ಲೇ ಹೇಳುತ್ತಿದ್ದರು. ಅಂಗಡಿಯಲ್ಲಿ ಅಷ್ಟು ದಿನವೂ ಹಳೆಯ ಕೆಲಸ, ರಿಪೇರಿ ಮಾತ್ರ. ಕೆಲವರು ಬೇರೆ ಕಡೆ ಹೋದರು. ಹೆಚ್ಚಿನವರು ಬಟ್ಟೆ ಎತ್ತಿಟ್ಟುಕೊಂಡು ಕಾದರು.

ಕೊನೆಗೆ ಕ್ಯಾಮೆರಾ ಇಳಿಸಿ ನೋಡಿದಾಗ ತಂತುಗಳು ಸ್ವಚ್ಛವಾಗಿದ್ದವು. "ಹೋಯ್ತು ಅಂತ ಹೇಳಲ್ಲ, ನೋಡ್ತಾ ಇರೋಣ," ಎಂದರು ಡಾಕ್ಟರಮ್ಮ. ಅದಾಗಿ ವರ್ಷ ದಾಟಿದೆ. ಮತ್ತೊಂದು ಆಪರೇಷನ್ ಬೇಕಾಗಿಲ್ಲ. ದನಿಯಲ್ಲಿ ಹಳೆಯ ನಯವಿಲ್ಲ, ಮರಕ್ಕೆ ಗರಗಸ ಹಾಕಿದ ಹಾಗಿದೆ. ಆದರೆ ಮೇಜಿನ ಆ ತುದಿಗೆ ಮುಟ್ಟುತ್ತದೆ. ಅದನ್ನು ಇಡೀ ಬೀದಿ ತಿಳಿದದ್ದು ಅವರು ಅಂಗಡಿಗೆ ಮರಳಿದ ಮೊದಲ ದಿನ.

ಸಾಲಿನಲ್ಲಿ ಮುಂದೆ ನಿಂತಿದ್ದವರು ಬೇಕರಿ ಯಜಮಾನರೇ. ಕಂಕುಳಲ್ಲಿ ತಂದಿದ್ದ ಬಟ್ಟೆಯನ್ನು ಆಗಲೇ ಅಣ್ಣನ ಮುಂದೆ ಹರಡಿದ್ದರು. "ಅಕ್ಕಾ, ಸ್ವಲ್ಪ ಮೆಲ್ಲಗೆ ಹೇಳಿ," ಎಂದು ಬೇಡಿಕೊಂಡರು. ಟೇಪಕ್ಕನಿಗೆ ಅನುಕೂಲವಾಗಲೆಂದು ಹೊಲಿಯುವವರು ಪೆಡಲಿನಿಂದ ಕಾಲು ತೆಗೆದರು.

"ಮಿಷನ್ ನಿಲ್ಲಿಸಬೇಡಿ," ಎಂದರು ಅಣ್ಣ. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣದ ತುಂಡು ಬಟ್ಟೆಯ ಮೇಲೆ ಕಾಯುತ್ತಿತ್ತು.

ಟೇಪಕ್ಕ ಟೇಪು ಸುತ್ತಿದರು, ಅಂಕಿ ನೋಡಿದರು, ಗಂಟಲು ಕೊಟ್ಟಷ್ಟೂ ಉಸಿರು ತುಂಬಿಕೊಂಡರು.

"ಸೊಂಟ ನಲವತ್ತಮೂರು!"