ವಿಶೇಷವಿಲ್ಲದ ಸೆಪ್ಟೆಂಬರ್ ಹದಿನೇಳು

ಗೆಳೆಯರೇ, ಅಫಜಲಪುರದ ನಮ್ಮ ವಾಚನಾಲಯದ ಹಲಗೆಯ ಮೇಲೆ ದಿನವೂ ‘ಇತಿಹಾಸದಲ್ಲಿ ಈ ದಿನ’ ಬರೆಯುವವನು ನಾನು. ಬರೆದದ್ದನ್ನು ಮೊದಲು ನಿಜಾಮ ಸರ್ಕಾರದ ತಹಸೀಲ್ ಕಚೇರಿಗೆ ತೋರಿಸಬೇಕು. ಭಾರತದ ಸೇನೆ ಗಡಿ ದಾಟಿ ಬಂದು ಇಂದಿಗೆ ಐದನೇ ದಿನ; ಬೆಳಗ್ಗೆ ಊರೆಲ್ಲ ಯುದ್ಧಕ್ಕೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ವಾಚನಾಲಯ ನೋಡಿಕೊಳ್ಳುವ ಖಾದರ್ ಚಾಚಾ, “ವಿಶೇಷ ಏನೂ ಇಲ್ಲಂತ ಬರೀರಿ ಮಾಸ್ತರ, ಜೀವ ಉಳೀತದ” ಎಂದರು. ಹಾಗೇ ಬರೆದೆ.

ಸಂಜೆ ರೇಡಿಯೊ ಹೇಳಿತು: ನಿಜಾಮರು ಶರಣಾದರು, ಯುದ್ಧ ನಿಂತಿತು! ನಿಜಾಮರ ವಿರುದ್ಧ ಹೋರಾಟಕ್ಕಿಳಿದು ಗಡಿಯಾಚೆ ತಲೆಮರೆಸಿಕೊಂಡಿರುವ ನನ್ನ ತಮ್ಮ ಇನ್ನು ಮನೆಗೆ ಬರಬಹುದು. ಚಾಚಾ ನನ್ನನ್ನು ತಬ್ಬಿಕೊಂಡು ಅತ್ತರು. ಹಲಗೆ ಒರೆಸಿ ಅದನ್ನೇ ದೊಡ್ಡದಾಗಿ ಬರೆದೆ.

ಚಾಚಾ ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡರು. “ನಡೀರಿ, ಕಚೇರಿಗೆ ತೋರಿಸಿ ಬರೋಣ.”

“ಯಾವ ಸರ್ಕಾರಕ್ಕ, ಚಾಚಾ?” ಎಂದು ಹೊಟ್ಟೆ ಹಿಡಿದು ನಕ್ಕೆ.

ನಗುತ್ತ ಬಗ್ಗಿ ನೋಡಿದರೆ, ನಾನೂ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ.