ಐದನೇ ಮಹಡಿಯ ರಿಫಂಡ್

‘ದರವಾಜಾ ಬಂದ್ ಕೀಜಿಯೇ’, ಬಾಗಿಲು ಮುಚ್ಚಿ, ಎಂದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟು ದಿನವಿಡೀ ಹಾಡುತ್ತಿತ್ತು. ಒಂದು ದಿನ ಅದು ಕೆಟ್ಟು ಸುಮ್ಮನಾಯಿತು. ಮಂಡಿನೋವಿನ ನಾನು ಐದನೇ ಮಹಡಿಯಲ್ಲಿ, ಕಾನ್ವೆಂಟಿನ ಡಿಟೆನ್ಶನ್ನಿನಲ್ಲಿ ಕೂತ ಹಾಗೆ, ಸಿಂಪ್ಲಿ ಸ್ಟಕ್.

ಬ್ಯಾಂಕಿನವರು ಎಫ್‌ಡಿ ಬಡ್ಡಿಯಲ್ಲಿ ಮುರಿದುಕೊಂಡಿದ್ದ ಟ್ಯಾಕ್ಸಿನ ರಿಫಂಡ್ ಬರುವುದಿತ್ತು. ಆ ದುಡ್ಡಿನಲ್ಲಿ ಉಡುಪಿಗೆ ಹೋಗಿ, ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಬೇಕೆಂದಿದ್ದೆ.

“ರಿಫಂಡ್ ಬಂತಾ ಮಾರಾಯ್ತಿ? ನಾನು ಎಷ್ಟು ದಿನ ಅಂತ ಕಾಯುವುದು?” ಎಂದು ಅಕ್ಕ ಫೋನಿನಲ್ಲಿ ಛೇಡಿಸುತ್ತಿದ್ದಳು.

ಅದು ಬಂದ ವಾರವೇ ಸೊಸೈಟಿಯ ಸೆಕ್ರೆಟರಿ ಲಿಫ್ಟ್ ರಿಪೇರಿಯ ಪಾಲು ಕೇಳಲು ಬಂದರು. “ಆಂಟಿ, ಲಿಫ್ಟ್ ಇಲ್ಲದೆ ಊರಿಗೆ ಹಾರಿಕೊಂಡು ಹೋಗ್ತೀರಾ?” ಅಂದರು. ರಿಫಂಡಿನ ದುಡ್ಡು ಪೂರ್ತಿ ಕೊಟ್ಟೆ. ಲಿಫ್ಟು ಸರಿಯಾಗುವ ಮೊದಲೇ ಅಕ್ಕ ತೀರಿಕೊಂಡಳು.

ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೂರು ವರ್ಷ ಹಿಂದೆ, ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ, ಊರಿಗೆ ಹೊರಟ ರೈಲಿನ ಕಿಟಕಿಯಲ್ಲಿ. ನನ್ನ ಪತ್ರೊಡೆಯ ಡಬ್ಬಿ ಸರಳುಗಳ ನಡುವೆ ತೂರಲಿಲ್ಲ. ಅವಳು ಮುಚ್ಚಳ ತೆಗೆಸಿ, ಒಂದೊಂದೇ ತುಂಡನ್ನು ಕೈಚಾಚಿ ಒಳಗೆ ತೆಗೆದುಕೊಂಡಳು.